ಸಭೆಯ ಯೂತ್ ಕ್ಯಾಂಪ್ ನಡೆಸುವವರಿಗೆ: ಮುಗಿದ ಮೇಲಿನ ಬುಧವಾರದಿಂದ ಲೆಕ್ಕ ಹಾಕಿ

ಯೂತ್ ಕ್ಯಾಂಪಿನ ಕೊನೆಯ ರಾತ್ರಿ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಥರ. ನಡುವೆ ಬೆಂಕಿ. ಯಾರೋ ಒಬ್ಬ ಗಿಟಾರ್ ಹಿಡಿದು ಗೊತ್ತಿರುವ ನಾಲ್ಕೇ ಕಾರ್ಡ್ ಬಾರಿಸುತ್ತಿರುತ್ತಾನೆ. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಾರೆ. ಹುಡುಗರು ಹೊಗೆ ಕಣ್ಣಿಗೆ ಹೋಯಿತು ಅಂತ ಮುಖ ಒರೆಸಿಕೊಳ್ಳುತ್ತಾರೆ. ಸಂದೇಶ ಕೊಟ್ಟವರು "ಇವತ್ತು ಯೇಸುವನ್ನು ಹಿಂಬಾಲಿಸುವ ತೀರ್ಮಾನ ಮಾಡುವವರು ಕೈ ಎತ್ತಿ" ಅಂದ ತಕ್ಷಣ ಹೆಚ್ಚಿನ ಕೈಗಳು ಮೇಲೆ. ಭಾನುವಾರ ಆರಾಧನೆಯಲ್ಲಿ ಇಬ್ಬರು ಸಾಕ್ಷಿ ಹೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಅಲ್ಲಿಗೆ ಕ್ಯಾಂಪ್ ಮುಗಿಯಿತು.

ನಾನೂ ವರ್ಷಗಟ್ಟಲೆ ಇದೇ ಥರ ಕ್ಯಾಂಪ್ ನಡೆಸಿದವನು. ಎತ್ತಿದ ಕೈಗಳನ್ನು ಎಣಿಸಿ ಸಭಾಪಾಲಕರಿಗೆ ವರದಿ ಕೊಟ್ಟಿದ್ದೇನೆ. ಆಮೇಲೆ ಒಂದು ಸಲ, ಕ್ಯಾಂಪ್ ಮುಗಿದು ಹತ್ತು ದಿನ ಆದ ಮೇಲೆ, ಸುಮ್ನೆ ಕೆಲವು ಹುಡುಗರನ್ನು ಕೇಳಿದೆ: "ಈಗ ಬೆಳಿಗ್ಗೆ ಎದ್ದು ಸತ್ಯವೇದ ಓದುತ್ತೀರಾ?" ಒಬ್ಬ ನೆಲ ನೋಡಿದ. ಇನ್ನೊಬ್ಬ, "ಅಣ್ಣಾ, ಓದಬೇಕು ಅಂತ ಇದೆ, ಆದರೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಿಲ್ಲ" ಅಂದ. ಮೂರು ದಿನ ಒಂದರ ಮೇಲೊಂದು ಸಂದೇಶ ಕೊಟ್ಟಿದ್ದೆವು. ಎಲ್ಲಿಂದ ಶುರು ಮಾಡಬೇಕು ಅಂತ ಮಾತ್ರ ಯಾರೂ ತೋರಿಸಿರಲಿಲ್ಲ.

ಹಾಗಾಗಿ ಕೆಳಗಿನ ಕ್ರಮವನ್ನು, ಕ್ಯಾಂಪ್ ಮುಗಿದ ಮೇಲೆ ಏನು ಉಳಿಯಬೇಕು ಅನ್ನುವುದರಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದಿದ್ದೇನೆ. ಐವತ್ತು ಜನ, ಮೂರು ದಿನ, ಎರಡು ರಾತ್ರಿ ಅಂತ ಇಟ್ಟುಕೊಳ್ಳಿ. ಹೆಚ್ಚಿನ ಕನ್ನಡ ಸಭೆಗಳು ನಡೆಸುವ ಕ್ಯಾಂಪಿನ ಅಳತೆ ಅದೇ.

1. ಫ್ಲೆಕ್ಸ್ ಪ್ರಿಂಟ್‌ಗೆ ಕೊಡುವ ಮುಂಚೆ ಒಂದು ಪ್ರಶ್ನೆ

ಕಮಿಟಿ ಕೂತ ತಕ್ಷಣ ಮೊದಲು ಬರುವ ಮಾತು ಥೀಮ್. ಆಮೇಲೆ ಫ್ಲೆಕ್ಸ್, ಆಮೇಲೆ ಟೀ ಶರ್ಟ್ ಬಣ್ಣ. ಅದನ್ನೆಲ್ಲ ಪಕ್ಕಕ್ಕಿಡಿ. ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಕ್ಯಾಂಪ್ ಮುಗಿದ ಎರಡನೇ ಬುಧವಾರ ಬೆಳಿಗ್ಗೆ, ಕಾಲೇಜ್ ಬಸ್ ಹಿಡಿಯುವ ಮೊದಲು, ನಮ್ಮ ಹುಡುಗ ಹುಡುಗಿಯರು ಯಾರೂ ಹೇಳದೆ ಏನು ಮಾಡುತ್ತಿರಬೇಕು?

ಒಂದೇ ಉತ್ತರ ಆರಿಸಿ. ನಮ್ಮದು: ಹದಿನೈದು ನಿಮಿಷ ಒಬ್ಬರೇ ಕೂತು ವಾಕ್ಯ ಓದಿ, ಮೂರು ಸಾಲು ಬರೆದು, ಪ್ರಾರ್ಥಿಸಬೇಕು. ನಿಮ್ಮದು ಬೇರೆ ಇರಬಹುದು. ಆದರೆ ಒಂದೇ ಇರಲಿ. ಮೂರು ದಿನದಲ್ಲಿ ಪ್ರಾರ್ಥನೆ, ಸೇವೆ, ಸುವಾರ್ತೆ, ಪ್ರೀತಿ-ಮದುವೆ, ಕೆರಿಯರ್, ಅಂತ್ಯಕಾಲ ಎಲ್ಲವನ್ನೂ ತುಂಬಲು ಹೋದರೆ ಯಾವುದೂ ಮನೆ ತನಕ ಬರುವುದಿಲ್ಲ.

ಇಡೀ ಕ್ಯಾಂಪಿಗೆ ಸತ್ಯವೇದದ ಒಂದು ಚಿಕ್ಕ ಪುಸ್ತಕ ಸಾಕು. ಯಾಕೋಬನ ಪತ್ರಿಕೆ ನನ್ನ ಆಯ್ಕೆ. ಐದು ಅಧ್ಯಾಯ, 108 ವಚನ. ಗಟ್ಟಿಯಾಗಿ ಓದಿದರೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ನಾಲಿಗೆ, ಸಿಟ್ಟು, ಹಣವಂತರಿಗೆ ಮುಂದಿನ ಸೀಟು ಕೊಡುವ ಚಾಳಿ, ನಾಳೆಯ ಬಗ್ಗೆ ಜಂಬ, ಎಲ್ಲಾ ಅದರಲ್ಲಿದೆ. ಹದಿನೇಳರ ಹುಡುಗನಿಗೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

2. ದಿನ ಮತ್ತು ಜಾಗ

ದಸರಾ ರಜೆ ಎಲ್ಲಕ್ಕಿಂತ ಒಳ್ಳೆಯದು. ಬೇಸಿಗೆ ರಜೆ ನೋಡಲು ಉದ್ದ, ಆದರೆ ಒಳಗೆ ತೂತು ಜಾಸ್ತಿ. ಏಪ್ರಿಲ್‌ನಲ್ಲಿ ಸಿಇಟಿ, ಮೇ ಶುರುವಿನಲ್ಲಿ ನೀಟ್. ಎಸ್ಸೆಸ್ಸೆಲ್ಸಿ, ಪಿಯುಗೆ ಈಗ ಪರೀಕ್ಷೆ-2 ಅಂತ ಬೇರೆ ಇದೆ. ಅದರ ಜೊತೆಗೆ ಶುಭ ಶುಕ್ರವಾರ, ಈಸ್ಟರ್, ಮದುವೆ ಸೀಸನ್. ಕರಾವಳಿ ಮಲೆನಾಡಿನವರು ಜೂನ್‌ನಿಂದ ಮಳೆ ಮುಗಿಯುವ ತನಕ ಯೋಚಿಸಲೇಬೇಡಿ. ಒಣಗದ ಬಟ್ಟೆ ಮತ್ತು ಉಂಬಳದ ಮಧ್ಯೆ ಯಾವ ಧ್ಯಾನವೂ ನಡೆಯುವುದಿಲ್ಲ.

ಜಾಗ ನೋಡಲು ಹೋದಾಗ ಹಾಲ್ ನೋಡಿ ಮರುಳಾಗಬೇಡಿ. ಶೌಚಾಲಯ ಎಣಿಸಿ. ಐವತ್ತು ಜನಕ್ಕೆ ಬೆಳಿಗ್ಗೆ ಎರಡೇ ಬಾತ್‌ರೂಮ್ ಇದ್ದರೆ ನಿಮ್ಮ ಏಳು ಗಂಟೆಯ ಕಾರ್ಯಕ್ರಮ ಒಂಬತ್ತಕ್ಕೆ ಶುರುವಾಗುತ್ತದೆ. ಹುಡುಗಿಯರ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ರಾತ್ರಿ ಬಾತ್‌ರೂಮ್ ದಾರಿಯಲ್ಲಿ ಲೈಟ್ ಇದೆಯಾ ಅಂತ ಸಂಜೆ ಹೊತ್ತಲ್ಲೇ ಹೋಗಿ ನೋಡಿ. ಮತ್ತೆ ಮರಗಳು. ಐವತ್ತು ಜನ ಒಬ್ಬೊಬ್ಬರೇ ದೂರ ದೂರ ಕೂರಲು ನೆರಳು ಬೇಕು. ಹತ್ತಿರ ಹೊಳೆ, ಕೆರೆ, ಸಮುದ್ರ ಇದ್ದರೆ ನೀರಿಗೆ ಇಳಿಯುವಂತಿಲ್ಲ ಅಂತ ಮೊದಲೇ ಹೇಳಿ. ಇದರಲ್ಲಿ "ಸ್ವಲ್ಪ ಮಾತ್ರ" ಅನ್ನುವುದಿಲ್ಲ.

3. ಕಾಗದ ಪತ್ರ, ಮಕ್ಕಳ ಸುರಕ್ಷತೆ

ಇದನ್ನು ಬೋರಿಂಗ್ ಅಂತ ಹಾರಿಸುವವರೇ ಜಾಸ್ತಿ. ಹದಿನೆಂಟು ತುಂಬದ ಪ್ರತಿಯೊಬ್ಬರಿಗೂ ತಂದೆ ತಾಯಿಯ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಅದರಲ್ಲಿ ಎರಡು ಫೋನ್ ನಂಬರ್, ಅಲರ್ಜಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಫಿಟ್ಸ್ ಅಥವಾ ಆಸ್ತಮಾ ಇದ್ದರೆ ಅದು, ಎಲ್ಲಾ ಇರಲಿ. ಗೆಳೆಯರನ್ನು ಕರೆತರುತ್ತೇನೆ ಅನ್ನುವವರಿಗೂ ಇದೇ ನಿಯಮ. ಮನೆಯವರಿಗೆ ಗೊತ್ತಿಲ್ಲದೆ ಒಬ್ಬರೂ ಬರಬಾರದು.

ಎಂಟು ಹತ್ತು ಜನಕ್ಕೆ ಒಬ್ಬ ಲೀಡರ್. ಹುಡುಗಿಯರ ಗುಂಪಿಗೆ ಅಕ್ಕಂದಿರೇ ಇರಲಿ. ಯಾವ ಲೀಡರೂ, ಪಾಸ್ಟರ್ ಆದರೂ, ಒಬ್ಬ ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಕೂತು ಕೌನ್ಸೆಲಿಂಗ್ ಮಾಡಬಾರದು. ಮರದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ಯಾರಿಗೂ ಕೇಳದ ಹಾಗೆ ಕೂತರೆ ಆಯಿತು.

ಕ್ಯಾಂಪಿನಲ್ಲಿ ಮನಸ್ಸು ಸಡಿಲ ಆಗುತ್ತದೆ. ಎಷ್ಟೋ ವರ್ಷ ಯಾರಿಗೂ ಹೇಳದ ವಿಷಯ ಹೊರಗೆ ಬರುತ್ತದೆ. ಮಗುವೊಂದು "ನನಗೆ ಇಂಥವರು ಹೀಗೆ ಮಾಡಿದರು" ಅಂತ ಲೈಂಗಿಕ ದೌರ್ಜನ್ಯದ ಮಾತು ಎತ್ತಿದರೆ, "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. "ಪ್ರಾರ್ಥನೆ ಮಾಡೋಣ, ಕ್ಷಮಿಸಿಬಿಡು, ಸಭೆಯ ಹೆಸರು ಕೆಡುತ್ತದೆ" ಅಂತ ಮುಚ್ಚಿ ಹಾಕುವುದು ಆ ಮಗುವಿಗೆ ಎರಡನೇ ಸಲ ಮಾಡುವ ಅನ್ಯಾಯ.

4. ದುಡ್ಡು, ಅಡುಗೆ

ಶುಲ್ಕ ಇಡಿ, ಪೂರ್ತಿ ಉಚಿತ ಬೇಡ. ಆದರೆ ಲಕೋಟೆಯಲ್ಲಿ ತೆಗೆದುಕೊಳ್ಳಿ. ಯಾರು ಎಷ್ಟು ಹಾಕಿದರು ಅಂತ ಖಜಾಂಚಿಗೆ ಬಿಟ್ಟು ಇನ್ಯಾರಿಗೂ ತಿಳಿಯಬಾರದು. ಕಡಿಮೆ ಬಿದ್ದದ್ದಕ್ಕೆ ದಾರಿ ಇದೆ. ಬೆಳೆ ಹಬ್ಬದ ಹರಾಜಿನಲ್ಲಿ ಒಂದು ಹಲಸಿನ ಹಣ್ಣಿಗೆ ಪೈಪೋಟಿ ಬಿದ್ದು ರೇಟ್ ಏರಿಸುವ ಹಿರಿಯರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅಂಥವರನ್ನು ಹಿಡಿದು ಒಂದು ಹೊತ್ತಿನ ಊಟ ವಹಿಸಿಕೊಳ್ಳಿ ಅನ್ನಿ. ಮನೆಗೊಂದು ಸೇರು ಅಕ್ಕಿ ಕೇಳಿದರೂ ಯಾರೂ ಇಲ್ಲ ಅನ್ನುವುದಿಲ್ಲ.

ಐವತ್ತು ಹರೆಯದವರಿಗೆ ಒಂದು ಹೊತ್ತಿಗೆ ಆರರಿಂದ ಏಳು ಕೆ.ಜಿ. ಅಕ್ಕಿ ಬೇಕಾಗುತ್ತದೆ. ಕುಡಿಯುವ ನೀರು ತಲೆಗೆ ದಿನಕ್ಕೆ ಮೂರು ಲೀಟರ್ ಅಂತ ಹಿಡಿಯಿರಿ. ಲೀಡರ್‌ಗಳು, ಅಡುಗೆಯವರೂ ಸೇರಿ ಅರವತ್ತು ಜನ ಅಂದರೆ 20 ಲೀಟರ್‌ನ ಒಂಬತ್ತು ಕ್ಯಾನ್, ಅದೂ ದಿನಕ್ಕೆ. ಕೊನೆಯ ದಿನ ಮಧ್ಯಾಹ್ನ ಕೋಳಿ ಸಾರು ಇದೆ ಅಂತ ಮೊದಲ ದಿನವೇ ಹೇಳಿ. ಅರ್ಧಕ್ಕೇ ಮನೆಗೆ ಓಡುವವರ ಸಂಖ್ಯೆ ಪವಾಡದ ಹಾಗೆ ಇಳಿಯುತ್ತದೆ.

5. ದಿನದ ವೇಳಾಪಟ್ಟಿ

ಬೆಳಿಗ್ಗೆ 6ಕ್ಕೆ ಏಳುವುದು, ಟೀ. 6:45ರಿಂದ 7:15 ಮೌನ ಸಮಯ. 8ಕ್ಕೆ ತಿಂಡಿ. 9:30ಕ್ಕೆ ಹಾಡು ಮತ್ತು ವಾಕ್ಯ ಅಧ್ಯಯನ. 11:30ಕ್ಕೆ ಸಣ್ಣ ಗುಂಪು. 1ಕ್ಕೆ ಊಟ. 3:30 ತನಕ ಬಿಡುವು. ನಿಜವಾದ ಬಿಡುವು, "ಐಚ್ಛಿಕ ಪ್ರಾರ್ಥನಾ ಕೂಟ" ಅಲ್ಲ. ಆಮೇಲೆ ಶ್ರಮದಾನ, ಆಟ. 7ಕ್ಕೆ ಸಂಜೆ ಕೂಟ, 8:30ಕ್ಕೆ ಊಟ, 10ಕ್ಕೆ ದೀಪ ಆರಬೇಕು. ಧ್ವನಿವರ್ಧಕವನ್ನು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಬಳಸುವ ಹಾಗಿಲ್ಲ, ಅದು ಕಾನೂನು. ಅಕ್ಕಪಕ್ಕದ ಊರಿನವರಿಗೆ ನಮ್ಮ ಸಾಕ್ಷಿ ಅಲ್ಲಿಂದಲೇ ಶುರುವಾಗುತ್ತದೆ.

ಊಟದ ನಂತರ ಸಂದೇಶ ಇಡಬೇಡಿ. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದ ಯೂತಿಕ ನೆನಪಿದ್ದಾನಲ್ವಾ? ಪೌಲ ಮಧ್ಯರಾತ್ರಿ ತನಕ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಈ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ಬಿದ್ದವನನ್ನು ಎಬ್ಬಿಸಲು ಅಲ್ಲಿ ಪೌಲ ಇದ್ದ. ನಮ್ಮ ಭಾಷಣಕಾರರಿಗೆ ಬಿಸಿ ಟೀ ಕುಡಿಸಿ ಎಬ್ಬಿಸುವಷ್ಟು ಮಾತ್ರ ವರ ಇದೆ. ನಲವತ್ತು ನಿಮಿಷಕ್ಕೆ ಗಡಿಯಾರ ತೋರಿಸುವ ಧೈರ್ಯ ಇರುವ ಒಬ್ಬರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಇಡೀ ರಾತ್ರಿ ಪ್ರಾರ್ಥನೆ, ಕಡ್ಡಾಯ ಉಪವಾಸ, ಇವು ಈ ವಯಸ್ಸಿನವರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಿರಿಯರು ಒಪ್ಪದಿರಬಹುದು. ಅವರಿಗೆ 1 ಅರಸುಗಳು 19 ತೋರಿಸಿ. ಸೋತು ಸುಣ್ಣವಾಗಿ "ನನಗೆ ಸಾವು ಬರಲಿ" ಅಂದ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು, ಮತ್ತೆ ನಿದ್ದೆ. ಬೆಟ್ಟದ ಮೇಲಿನ ಮೆಲ್ಲನೆಯ ಮಾತು ಆಮೇಲೆ ಬಂತು. ನಿದ್ದೆಗೆಟ್ಟವರು ಸುಲಭವಾಗಿ ಅಳುತ್ತಾರೆ. ಅದನ್ನು ಆತ್ಮಿಕ ಎಚ್ಚರ ಅಂದುಕೊಳ್ಳುವ ತಪ್ಪು ನಾವು ಮಾಡಿದ್ದೇವೆ.

ಆಟಕ್ಕೆ ಸಮಯ ಕೊಟ್ಟದ್ದು ಜಾಸ್ತಿ ಆಯಿತು ಅನ್ನುವವರಿಗೂ ಒಂದು ಕಥೆ. 1868ರಲ್ಲಿ ವೇಲ್ಸ್‌ನ ಲ್ಯಾಂಡಡ್ನೊ ಕಡಲ ತೀರದಲ್ಲಿ ಜೋಸಯ್ಯ ಸ್ಪೈಯರ್ಸ್ ಅನ್ನುವವರು ಮರಳಿನ ಮೇಲೆ "ದೇವರು ಪ್ರೀತಿ" ಅಂತ ದೊಡ್ಡದಾಗಿ ಬರೆದು, ಆಡುತ್ತಿದ್ದ ಮಕ್ಕಳನ್ನು ಕರೆದು, ಚಿಪ್ಪು ಕಲ್ಲುಗಳಿಂದ ಅಕ್ಷರ ಅಲಂಕರಿಸಲು ಹೇಳಿದರು. ಆಮೇಲೆ ಕಥೆ ಹೇಳಿದರು. ಮಕ್ಕಳಿಗೆ, ಯುವಜನರಿಗೆ ಸತ್ಯವೇದ ಓದಿಸುವ ಇವತ್ತಿನ ಸ್ಕ್ರಿಪ್ಚರ್ ಯೂನಿಯನ್ ಸಂಸ್ಥೆಯ ಬೇರು ಆ ಕಾಲದ ಕೆಲಸದಲ್ಲಿದೆ. ಕೈಗೆ ಮರಳು ಹತ್ತಿದ ಮೇಲೆ ಕಿವಿ ತಾನಾಗಿ ತೆರೆಯುತ್ತದೆ.

6. ಮೌನ ಸಮಯ: ಇಲ್ಲಿ ಮಾತ್ರ ಅವಸರ ಬೇಡ

ಕ್ಯಾಂಪಿನ ಹೃದಯ ಇದೇ ಅರ್ಧ ಗಂಟೆ. ಆದರೆ ಹೆಚ್ಚಿನ ಕಡೆ "ಎಲ್ಲರೂ ಕ್ವೈಟ್ ಟೈಮ್ ಮಾಡಿ" ಅಂತ ಮೈಕ್‌ನಲ್ಲಿ ಹೇಳಿ ಲೀಡರ್‌ಗಳು ಟೀ ಕುಡಿಯಲು ಹೋಗುತ್ತಾರೆ. ಹುಡುಗರು ಮರಕ್ಕೆ ಒರಗಿ ನಿದ್ದೆ ಮಾಡುತ್ತಾರೆ. ಮಾಡುವುದು ಹೇಗೆ ಅಂತ ಗೊತ್ತಿಲ್ಲದಿದ್ದರೆ ಇನ್ನೇನು ಮಾಡುತ್ತಾರೆ ಪಾಪ.

ಮೊದಲ ದಿನ, ಬಂದು ಸೇರಿದ ಮೇಲೆ, ಎಲ್ಲರೂ ಒಟ್ಟಿಗೆ ಕೂತು ಮಾಡಿ. ಮಾರ್ಕ 1:35 ತೆಗೆದುಕೊಳ್ಳಿ. ಯೇಸು ಇನ್ನೂ ಕತ್ತಲಿರುವಾಗ ಎದ್ದು ಜನ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದ್ದು. ಹಿಂದಿನ ದಿನ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದಿತ್ತು, ಅದನ್ನೂ ಓದಿ. ಆಗ ಆ ಬೆಳಗಿನ ತೂಕ ತಿಳಿಯುತ್ತದೆ. ಎರಡು ಸಲ ನಿಧಾನವಾಗಿ ಓದಿ. ಆಮೇಲೆ ನೋಟ್‌ಬುಕ್‌ನಲ್ಲಿ ಮೂರು ಸಾಲು: ಇಲ್ಲಿ ದೇವರ ಬಗ್ಗೆ ಏನಿದೆ, ನನ್ನ ಬಗ್ಗೆ ಏನಿದೆ, ಇವತ್ತು ನಾನು ಮಾಡುವ ಒಂದು ಕೆಲಸ ಏನು. ಲೀಡರ್ ತನ್ನ ಮೂರು ಸಾಲನ್ನು ಎಲ್ಲರ ಮುಂದೆ ಬೋರ್ಡ್ ಮೇಲೆ ಬರೆಯಬೇಕು, ಹೊಡೆದು ತಿದ್ದಿದ್ದೂ ಕಾಣುವ ಹಾಗೆ. ಎರಡನೇ ದಿನ ಬೆಳಿಗ್ಗೆ ಇಬ್ಬಿಬ್ಬರು. ಮೂರನೇ ದಿನ ಬೆಳಿಗ್ಗೆ ಒಬ್ಬೊಬ್ಬರೇ. ಸೈಕಲ್ ಕಲಿಸುವ ಹಾಗೆ: ಮೊದಲು ಸೀಟು ಹಿಡಿಯುವುದು, ಆಮೇಲೆ ಕೈ ಬಿಡುವುದು.

ಮೂರನೇ ಸಾಲಿನ ಮೇಲೆ ಕಣ್ಣಿಡಿ. ಮೊದಲ ದಿನ ಎಲ್ಲರೂ ಬರೆಯುವುದು "ಒಳ್ಳೆಯವನಾಗಬೇಕು", "ದೇವರಿಗೆ ಹತ್ತಿರ ಆಗಬೇಕು". ಇದು ಯಾರ ಬುಧವಾರಕ್ಕೂ ಉಪಯೋಗಕ್ಕೆ ಬಾರದು. "ಯಾವಾಗ? ಎಲ್ಲಿ? ಯಾರಿಗೆ?" ಅಂತ ಕೇಳಿ.

ಒಂದು ಸಲ ಯಾಕೋಬ 1:19 ಓದಿಸಿದ್ದೆವು, ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ, ಸಿಟ್ಟಿನಲ್ಲಿ ನಿಧಾನ ಅನ್ನುವ ವಚನ. ಡಿಪ್ಲೊಮಾ ಓದುವ ಒಬ್ಬ ಹುಡುಗ ನೋಟ್‌ಬುಕ್ ತಂದು ತೋರಿಸಿದ. ಮೂರನೇ ಸಾಲಿನಲ್ಲಿ "ಸಿಟ್ಟು ಕಡಿಮೆ ಮಾಡಬೇಕು" ಅಂತ ಇತ್ತು. ಅದನ್ನು ಹೊಡೆದು ಕೆಳಗೆ ಪೆನ್ ಒತ್ತಿ ಬರೆದಿದ್ದ: "ಹೊರಡುವಾಗ ಅಮ್ಮನಿಗೆ ಬೈದು ಬಂದೆ. ಫೋನ್ ಮಾಡಬೇಕು." ಮೊದಲ ದಿನವೇ ಎಲ್ಲರ ಫೋನ್ ತೆಗೆದಿಟ್ಟಿದ್ದೆವು. ನಾನು ಒಂದು ಕ್ಷಣ ನಿಯಮದ ಬಗ್ಗೆ ಯೋಚಿಸಿದೆ, ನಾಚಿಕೆ ಆಯಿತು. ಬೀಗ ತೆಗೆದು ಅವನ ಫೋನ್ ಕೊಟ್ಟೆ. ನೀರಿನ ಟ್ಯಾಂಕಿನ ಹಿಂದೆ ಹೋಗಿ ಎರಡು ನಿಮಿಷ ಮಾತಾಡಿ, ಸ್ವಿಚ್ ಆಫ್ ಮಾಡಿ, ತಾನೇ ತಂದು ಡಬ್ಬಿಯಲ್ಲಿಟ್ಟ. ಆ ಮೂರು ದಿನದಲ್ಲಿ ನಾನು ಕಂಡ ದೊಡ್ಡ ಪ್ರಸಂಗ ಅದು.

ಇಲ್ಲಿ ಎರಡು ಪ್ರಾಯೋಗಿಕ ಮಾತು. ಈಗ ಹುಡುಗರ ಸತ್ಯವೇದ ಇರುವುದು ಫೋನಿನಲ್ಲಿ. ಫೋನ್ ತೆಗೆದಿಟ್ಟರೆ ಅದೂ ಹೋಯಿತು. ಹಾಗಾಗಿ ಪುಸ್ತಕ ಎಷ್ಟು ಬೇಕು ಅಂತ ಮೊದಲೇ ಎಣಿಸಿ ತರಿಸಿಡಿ. ಬೆಂಗಳೂರಿನವರಿಗೆ ಎಂ.ಜಿ. ರಸ್ತೆಯಲ್ಲೇ ಬೈಬಲ್ ಸೊಸೈಟಿ ಇದೆ. ಎರಡನೆಯದು ಭಾಷೆ. ನಮ್ಮ ಹಳೆಯ ಭಾಷಾಂತರದ "ಆದದರಿಂದ", "ಮಾಡುವದಕ್ಕೆ" ಕೇಳಲು ಗಂಭೀರ. ಆದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಒಂದು ಸಾಲಿಗೆ ಮೂರು ಕಡೆ ಎಡವುತ್ತಾರೆ. ಅವರಿಂದ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ ಅವಮಾನ ಮಾಡಬೇಡಿ. ಚೆನ್ನಾಗಿ ಓದುವವರು ಓದಲಿ, ಉಳಿದವರು ಕೇಳಲಿ. ಸರಳ ಕನ್ನಡದ ಭಾಷಾಂತರವೂ ಪಕ್ಕದಲ್ಲಿರಲಿ.

7. ಶಿಸ್ತು

ಸೀಟಿ ಊದಿ, ಬಸ್ಕಿ ಹೊಡೆಸಿ, ತಡವಾಗಿ ಬಂದವರನ್ನು ಮುಂದೆ ನಿಲ್ಲಿಸಿದರೆ ಮೂರು ದಿನ ಎಲ್ಲಾ ಸರಿಯಾಗಿ ನಡೆಯುತ್ತದೆ. ಸೀಟಿ ಇಲ್ಲದ ಮನೆಗೆ ಹೋದ ಮೇಲೆ ಏನೂ ಉಳಿಯುವುದಿಲ್ಲ.

ನಿಯಮ ಐದಕ್ಕಿಂತ ಜಾಸ್ತಿ ಬೇಡ. ಸಮಯಕ್ಕೆ ಬರುವುದು, ಫೋನ್ ಕೊಡುವುದು, ಹೇಳದೆ ಆವರಣ ಬಿಟ್ಟು ಹೋಗದಿರುವುದು, ಒಬ್ಬರ ಕೋಣೆಗೆ ಇನ್ನೊಬ್ಬರು ಹೋಗದಿರುವುದು, ತಟ್ಟೆಗೆ ಹಾಕಿಸಿಕೊಂಡದ್ದು ತಿನ್ನುವುದು. ಈ ಐದೂ ಲೀಡರ್‌ಗಳಿಗೂ ಇವೆ. ಮುಖ್ಯ ಮಾತು ಅದೇ. ಹುಡುಗರ ಫೋನ್ ಕಸಿದುಕೊಂಡು ನಾವು ಸಂಜೆ ಕೂಟದ ಹಿಂದೆ ನಿಂತು ವಾಟ್ಸ್ಆ್ಯಪ್ ನೋಡಿದರೆ ಅವರು ಕಲಿಯುವುದು ಶಿಸ್ತಲ್ಲ, ದೊಡ್ಡವರಾದರೆ ತಪ್ಪಿಸಿಕೊಳ್ಳಬಹುದು ಅನ್ನುವ ಪಾಠ.

ಫೋನ್ ತೆಗೆದುಕೊಳ್ಳುವ ಕ್ರಮ ಹೀಗಿರಲಿ. ಹೆಸರು ಬರೆದ ಬಟ್ಟೆ ಚೀಲ ಮೊದಲೇ ಸಿದ್ಧ ಮಾಡಿ. ಮನೆಗೆ "ತಲುಪಿದೆ" ಅಂತ ಫೋನ್ ಮಾಡಲು ಹತ್ತು ನಿಮಿಷ ಕೊಡಿ. ಎಲ್ಲರಿಗಿಂತ ಮೊದಲು ಪಾಸ್ಟರ್ ತಮ್ಮದನ್ನು ಹಾಕಲಿ. ಚೀಲಗಳೆಲ್ಲ ಒಂದು ಟ್ರಂಕಿಗೆ, ಟ್ರಂಕಿಗೆ ಬೀಗ. ತುರ್ತಿಗೆ ಇಬ್ಬರು ಲೀಡರ್‌ಗಳ ಫೋನ್ ಮಾತ್ರ ಆನ್ ಇರಲಿ, ಆ ನಂಬರ್ ಎಲ್ಲಾ ಮನೆಗಳಿಗೂ ಗೊತ್ತಿರಲಿ. ಒಬ್ಬಿಬ್ಬರು ಹಳೆಯ ಸತ್ತ ಫೋನ್ ಕೊಟ್ಟು ಅಸಲಿ ಫೋನನ್ನು ಕಾಲುಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಬ್ಯಾಗ್ ಹುಡುಕಬೇಡಿ. ಮೊದಲ ರಾತ್ರಿ "ಎರಡನೇ ಫೋನ್ ಇರುವವರು ಮಲಗುವ ಮುಂಚೆ ಕೊಡಿ, ಯಾರೂ ಏನೂ ಕೇಳುವುದಿಲ್ಲ" ಅಂತ ಹೇಳಿ. ನಮ್ಮ ಟ್ರಂಕಿನ ಮೇಲೆ ಬೆಳಿಗ್ಗೆ ಚೀಲ ಇಲ್ಲದ ಮೂರು ಫೋನ್ ಕೂತಿದ್ದವು.

ಪಾತ್ರೆ ತೊಳೆಯುವುದನ್ನು ಯಾವತ್ತೂ ಶಿಕ್ಷೆ ಮಾಡಬೇಡಿ. ಎಲ್ಲಾ ಕಡೆ ಇದೇ ನಡೆಯುತ್ತದೆ: ತಡವಾಗಿ ಬಂದೆಯಾ, ಹೋಗು ಪಾತ್ರೆ ತೊಳಿ. ಸಂಜೆ ಅದೇ ಹುಡುಗನಿಗೆ ಯೇಸು ಶಿಷ್ಯರ ಕಾಲು ತೊಳೆದ ಯೋಹಾನ 13 ಹೇಳುತ್ತೇವೆ. ತೊಳೆಯುವುದು ತಪ್ಪು ಮಾಡಿದವರ ಕೆಲಸ ಅಂತ ಮಧ್ಯಾಹ್ನವೇ ಕಲಿಸಿಬಿಟ್ಟಿರುತ್ತೇವಲ್ಲ! ಪಾತ್ರೆಯ ಸರದಿ ಗುಂಪಿಗೆ ಒಂದು ಹೊತ್ತು ಇರಲಿ, ಮೊದಲ ಸರದಿ ಲೀಡರ್‌ಗಳದ್ದು. ದೊಡ್ಡ ಅನ್ನದ ಹಂಡೆಯ ತಳ ಉಜ್ಜುವಾಗ ಆಡುವ ಮಾತು ಸಣ್ಣ ಗುಂಪಿನಲ್ಲಿ ಬರುವುದಿಲ್ಲ. ವಚನ ಬಾಯಿಪಾಠವೂ ಹಾಗೆಯೇ, ಶಿಕ್ಷೆಯಾಗಿ ಬೇಡ. ನೂರು ಸಲ ಬರೆಸಿದ ಕೀರ್ತನೆಯನ್ನು ಆಮೇಲೆ ಯಾರು ಪ್ರೀತಿಯಿಂದ ಓದುತ್ತಾರೆ?

ಹಾಗಾದರೆ ತಪ್ಪು ಮಾಡಿದವರಿಗೆ ಏನು? ಪಕ್ಕಕ್ಕೆ ಕರೆದು ಮಾತಾಡಿ, ಅವರಿಂದಲೇ ಸರಿಪಡಿಸಿ. ಬೇಲಿ ಹಾರಿ ಹೋದರೆ, ಸಿಗರೇಟು ಸಿಕ್ಕರೆ, ಮನೆಗೆ ಫೋನ್ ಮಾಡುವುದಾಗಿ ಅವರಿಗೇ ಹೇಳಿ, ಅವರ ಎದುರಿಗೇ ಮಾಡಿ. ಇನ್ನೊಬ್ಬರ ಮೈಗೆ, ಮಾನಕ್ಕೆ ಕೈ ಹಾಕಿದರೆ ಮಾತ್ರ ಎರಡನೇ ಅವಕಾಶ ಇಲ್ಲ. ಅವರನ್ನು ಬೇರೆ ಇರಿಸಿ, ಮನೆಯವರನ್ನು ಅವತ್ತೇ ಕರೆಸಿ. ತೊಂದರೆಯಾದದ್ದು ಹದಿನೆಂಟು ತುಂಬದ ಮಗುವಿಗೆ ಆದರೆ ಮೂರನೇ ಹೆಜ್ಜೆಯಲ್ಲಿ ಹೇಳಿದ ಪೊಲೀಸ್ ಮಾತು ಇಲ್ಲಿಗೂ ಅನ್ವಯಿಸುತ್ತದೆ.

8. ಕೊನೆಯ ರಾತ್ರಿ

ಬೆಂಕಿ ಇರಲಿ, ಹಾಡು ಇರಲಿ. ಕೈ ಎತ್ತಿಸುವುದು ಬೇಡ. ಎಲ್ಲರ ಮುಂದೆ ಪಾಪದ ಅರಿಕೆಯಂತೂ ಬೇಡವೇ ಬೇಡ. ಬೆಂಕಿಯ ಮುಂದೆ ಹೇಳಿದ್ದು ಸೋಮವಾರ ಕಾಲೇಜಿನಲ್ಲಿ ಗಾಳಿಮಾತಾಗಿ ಓಡಾಡುತ್ತದೆ. ಬದಲಿಗೆ ಒಂದು ಕಾರ್ಡ್ ಕೊಡಿ. ಅದರಲ್ಲಿ ಮೂರೇ ಸಾಲು: ನಾನು ದಿನಾ ಕೂರುವ ಸಮಯ, ಕೂರುವ ಜಾಗ, ನನ್ನನ್ನು ಕೇಳುವ ಒಬ್ಬರ ಹೆಸರು. ಒಂದೇ ಕೋಣೆಯ ಮನೆಯಿಂದ ಬಂದವರಿಗೆ ಜಾಗ ಅನ್ನುವುದೇ ದೊಡ್ಡ ಪ್ರಶ್ನೆ. ಒಬ್ಬಳು "ಟೆರೇಸ್, ಬಟ್ಟೆ ಒಣಗಿಸುವ ಕಡೆ" ಅಂತ ಬರೆದಿದ್ದಳು. ಇನ್ನೊಬ್ಬ, "ಬಸ್ಸು, ಹಿಂದಿನ ಕಿಟಕಿ ಸೀಟು". ಎರಡೂ ನಡೆಯುತ್ತದೆ. ಬರೆಯದೆ ಖಾಲಿ ಬಿಟ್ಟವರ ಮೇಲೆ ಒತ್ತಡ ಹಾಕಬೇಡಿ.

9. ಆಮೇಲೆ

ಯಾಕೋಬ ಮುಗಿದ ಮೇಲೆ ಮಾರ್ಕ ಹಿಡಿಯಲಿ, ಹದಿನಾರು ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಅಂದರೆ ಒಂದು ತಿಂಗಳ ಓದು. ಓದುವ ಪಟ್ಟಿಯನ್ನು ನೋಟ್‌ಬುಕ್‌ನ ಹಿಂದಿನ ಪುಟಕ್ಕೆ ಅಂಟಿಸಿಯೇ ಮನೆಗೆ ಕಳಿಸಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ವಚನ ಕಳಿಸುವುದು ಬೇಡ, ಕೈಮುಗಿದ ಇಮೋಜಿ ಹಾಕಿ ಮುಂದೆ ಹೋಗುತ್ತಾರೆ. ಕಾರ್ಡ್‌ನಲ್ಲಿ ಹೆಸರಿರುವವರು ಎರಡನೇ ಬುಧವಾರ ಫೋನ್ ಮಾಡಬೇಕು. ಪ್ರಶ್ನೆ "ಓದಿದೆಯಾ?" ಅಂತ ಇರಬಾರದು. "ಇವತ್ತಿನ ಮೂರನೇ ಸಾಲು ಏನು?" ಅಂತ ಇರಲಿ. ಓದಿರದಿದ್ದರೆ ಉಪದೇಶ ಬೇಡ, "ನಾನೂ ನಿನ್ನೆ ತಪ್ಪಿಸಿದೆ, ನಾಳೆ ಇಬ್ಬರೂ ಓದೋಣ" ಅಂದರೆ ಸಾಕು.

ಆರನೇ ವಾರ ಭಾನುವಾರ ಆರಾಧನೆ ಆದ ಮೇಲೆ ಒಂದು ಗಂಟೆ ಎಲ್ಲರನ್ನೂ ಸೇರಿಸಿ. ಬೋಂಡಾ, ಟೀ. ನೋಟ್‌ಬುಕ್ ತನ್ನಿ ಅಂತ ಹೇಳಿ. ಅರ್ಧದಷ್ಟು ಜನ ಬರುವುದಿಲ್ಲ, ಬೇಸರ ಬೇಡ. ಬಂದವರಲ್ಲೂ ಕೆಲವರ ಪುಸ್ತಕ ಕ್ಯಾಂಪಿನ ಮೂರನೇ ದಿನಕ್ಕೇ ನಿಂತಿರುತ್ತದೆ. ಅಂಥವರಿಗೆ ಆ ಪುಟದಲ್ಲೇ ಇವತ್ತಿನ ತಾರೀಕು ಹಾಕಿಸಿ, ಅಲ್ಲಿಯೇ ಮತ್ತೆ ಶುರು ಮಾಡಿಸಿ. ಬಸ್ಸಿನ ಕಿಟಕಿ ಸೀಟಿನವನ ಪುಸ್ತಕ ನಾನು ಆವತ್ತು ನೋಡಿದೆ. ಅಕ್ಷರಗಳೆಲ್ಲ ಸೊಟ್ಟ, ರಸ್ತೆ ಗುಂಡಿ ಬಂದ ಕಡೆ ಪೆನ್ನು ಪುಟದ ಆ ತುದಿಗೆ ಗೆರೆ ಎಳೆದುಕೊಂಡು ಹೋಗಿತ್ತು. ಮಾರ್ಕ ಹತ್ತನೇ ಅಧ್ಯಾಯಕ್ಕೆ ಬಂದಿದ್ದ.